ಮರದ ಬುಡಕ್ಕೆ ಹೊದಿಕೆ: ಕಳೆಯೂ ಕಡಿಮೆ, ಕೆಲಸವೂ ಕಡಿಮೆ

ಗೋವೆಯ ನಮ್ಮ ಕೃಷಿಕ ಕುಟುಂಬಗಳಿಗೆ ಮಳೆಗಾಲವೆಂದರೆ ಕಳೆಯ ಕಾಲ. ಜೂನ್ ಮೊದಲಲ್ಲಿ ಮಳೆ ಹಿಡಿಯಿತೆಂದರೆ ಸಾಂ ಜುವಾಂವ್ ಹಬ್ಬದ ಹೊತ್ತಿಗೆ ತೆಂಗು, ಮಾವು, ಹಲಸಿನ ಬುಡವೆಲ್ಲ ಹುಲ್ಲಿನಲ್ಲಿ ಮುಳುಗಿರುತ್ತದೆ. ಕತ್ತಿಯಿಂದ ಸವರಿದರೆ ಕೆಲವೇ ವಾರಗಳಲ್ಲಿ ಮತ್ತೆ ಅಷ್ಟೇ ಎತ್ತರ. ಆಳು ಸಿಗುವುದು ಕಷ್ಟ, ಸಿಕ್ಕಿದರೂ ಕೂಲಿ ದುಬಾರಿ. ಮಕ್ಕಳು ಊರು ಬಿಟ್ಟು ದುಡಿಯುವ ಮನೆಗಳಲ್ಲಿ ವಯಸ್ಸಾದವರೇ ಬಗ್ಗಿ ಕಳೆ ಕಿತ್ತು ಸೊಂಟ ಹಿಡಿಸಿಕೊಳ್ಳುತ್ತಾರೆ.

ಇದಕ್ಕೆ ಸುಲಭ ದಾರಿಯೆಂದು ಹಲವರು ಕಳೆನಾಶಕದ ಬಾಟಲಿಗೆ ಕೈಹಾಕುತ್ತಾರೆ. ಗ್ಲೈಫೋಸೇಟ್ ಔಷಧವನ್ನು ಪರವಾನಗಿ ಪಡೆದ ಕೀಟನಿಯಂತ್ರಣದವರು ಮಾತ್ರ ಬಳಸಬೇಕೆಂದು ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆದೇಶಿಸಿತು. ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕ ಸ್ವಲ್ಪವೇ ಹೊಟ್ಟೆಗೆ ಹೋದರೂ ಜೀವಕ್ಕೆ ಅಪಾಯ, ಅದಕ್ಕೆ ಪ್ರತಿವಿಷವಿಲ್ಲ. ಬಾವಿ, ಕೋಳಿ, ಮಕ್ಕಳು ಎಲ್ಲವೂ ಇರುವ ಹಿತ್ತಲಿಗೆ ಇಂಥದ್ದು ಬೇಡ ಎಂಬುದು ನಮ್ಮ ಅಭಿಪ್ರಾಯ. ಇದಕ್ಕಿಂತ ಒಳ್ಳೆಯ ಉಪಾಯ ನಮ್ಮ ಅಂಗಳದಲ್ಲೇ ಬಿದ್ದಿದೆ. ಅದೇ ಹೊದಿಕೆ. ಕೃಷಿ ಇಲಾಖೆಯವರು ಇದನ್ನು ಮಲ್ಚಿಂಗ್ ಎನ್ನುತ್ತಾರೆ.

ಇದು ಹೊಸದೇನಲ್ಲ

ಫೋಂಡಾ, ಸತ್ತರಿ, ಸಾಂಗೆ, ಕಾಣಕೋಣದ ಕುಳಾಗರಗಳಲ್ಲಿ ಅಡಿಕೆ, ತೆಂಗು, ಬಾಳೆಯ ಬುಡಕ್ಕೆ ಸೊಪ್ಪು, ಸೋಗೆ ಹಾಸುವುದು ಹಳೆಯ ಪದ್ಧತಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಿಗೆ ಸೊಪ್ಪಿನಬೆಟ್ಟದಿಂದ ಸೊಪ್ಪು ತರುವುದೂ ಇದೇ ಜ್ಞಾನ. ಹಿರಿಯರು ಮಾಡುತ್ತಿದ್ದುದನ್ನು ಬಿಟ್ಟು ನಾವು ತರಗೆಲೆಯನ್ನು ಗುಡಿಸಿ ಸುಡಲು ತೊಡಗಿದೆವು. ಸುಟ್ಟರೆ ಎಲೆಯಲ್ಲಿರುವ ಸಾರಜನಕ ಹೊಗೆಯಾಗಿ ಹೋಗುತ್ತದೆ. ಉಬ್ಬಸವಿರುವವರಿಗೆ ಕೆಮ್ಮು ಮಾತ್ರ ಉಳಿಯುತ್ತದೆ.

ಹೊದಿಕೆ ಏನು ಮಾಡುತ್ತದೆ?

ಹೆಚ್ಚಿನ ಕಳೆಗಳ ಬೀಜ ಸಣ್ಣದು. ಮೊಳೆಯಲು ಅದಕ್ಕೆ ಬೆಳಕು ಬೇಕು. ಮೊಳೆತರೂ ದಪ್ಪ ಹಾಸನ್ನು ತೂರಿ ಬರುವ ಶಕ್ತಿ ಇರುವುದಿಲ್ಲ. ಎರಡನೆಯದಾಗಿ, ಗೋವೆಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬಿದ್ದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಆ ಹೊಡೆತಕ್ಕೆ ಇಳಿಜಾರಿನ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಮುಂದಿನ ಎಂಟು ತಿಂಗಳಲ್ಲಿ ನಮ್ಮ ಜಂಬಿಟ್ಟಿಗೆ ಮಣ್ಣು ಕಲ್ಲಿನಂತೆ ಒಣಗುತ್ತದೆ. ಹೊದಿಕೆಯಿದ್ದರೆ ಮಳೆಹನಿ ಮಣ್ಣಿಗೆ ನೇರವಾಗಿ ಬಡಿಯದು, ಬಿಸಿಲಿಗೆ ತೇವ ಬೇಗ ಆರದು. ಎಲೆ ಕೊಳೆತು ಎರೆಹುಳಕ್ಕೆ ಆಹಾರ, ಮರಕ್ಕೆ ಗೊಬ್ಬರ. ಗುದ್ದಲಿ ಆಡಿಸುವುದು ತಪ್ಪುವುದರಿಂದ ಮೇಲ್ಪದರದ ಸಣ್ಣ ಬೇರುಗಳೂ ಉಳಿಯುತ್ತವೆ.

ಮಾಡುವ ಕ್ರಮ

1. ಮೊದಲು ಬುಡದ ಕಳೆಯನ್ನು ನೆಲಮಟ್ಟಕ್ಕೆ ಸವರಿ. ಬೀಜ ಕಟ್ಟಿದ ಗಿಡವನ್ನು ಹೊದಿಕೆಗೆ ಸೇರಿಸಬೇಡಿ. ತಗಚೆಯ ಎಳೆಯ ಸೊಪ್ಪನ್ನು, ಇಲ್ಲಿನವರ ತಾಯ್ಕಿಳೊ, ಪಲ್ಯಕ್ಕೆ ಕೊಯ್ದುಕೊಳ್ಳಬಹುದು.

2. ಗರಿಕೆ, ಜೇಕು ಇರುವಲ್ಲಿ ಬರೀ ಎಲೆ ಸಾಲದು. ಅವು ನೆಲದೊಳಗಿನ ಗೆಡ್ಡೆ, ಬೇರಿನಿಂದ ಮತ್ತೆ ಚಿಗುರುತ್ತವೆ. ಆದಷ್ಟು ಅಗೆದು ತೆಗೆದು, ಹಳೆಯ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಒದ್ದೆ ಮಾಡಿ ಹಾಸಿ, ಅದರ ಮೇಲೆ ಎಲೆ ಹಾಕಿ. ರಟ್ಟಿನ ಮೇಲಿನ ಪ್ಲಾಸ್ಟಿಕ್ ಪಟ್ಟಿ ಕಿತ್ತುಬಿಡಿ.

3. ತರಗೆಲೆ, ತೆಂಗಿನ ಗರಿ, ಅಡಿಕೆ ಸೋಗೆ, ಒಣಹುಲ್ಲು, ತೆಂಗಿನ ನಾರಿನ ಪುಡಿ ಎಲ್ಲವೂ ಆಗುತ್ತದೆ. ದಪ್ಪ 3ರಿಂದ 4 ಅಂಗುಲ ಇರಲಿ. ಮರದ ಹೊಟ್ಟನ್ನು ಮಣ್ಣಿಗೆ ಬೆರೆಸಬೇಡಿ. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುತ್ತದೆ. ಮೇಲೆ ಹಾಸಿ ಸಗಣಿ ನೀರು ಚಿಮುಕಿಸಿದರೆ ಸಾಕು.

4. ಕಾಂಡಕ್ಕೆ ತಾಗಿಸಿ ಗುಡ್ಡೆ ಹಾಕಬಾರದು. ಸುತ್ತ ಅರ್ಧ ಅಡಿ ಜಾಗ ಖಾಲಿ ಬಿಡಿ. ಇಲ್ಲವಾದರೆ ನಮ್ಮ ಮಳೆಗೆ ತೊಗಟೆ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ.

5. ತೆಂಗಿಗೆ ಬುಡದಿಂದ ಸುಮಾರು 6 ಅಡಿಯವರೆಗೆ ಹಾಸಬೇಕು. ಸಣ್ಣ ಮಾವಿನ ಗಿಡಕ್ಕೆ ಕೊಂಬೆಯ ನೆರಳು ಬೀಳುವಷ್ಟು ಅಗಲ ಸಾಕು.

ಲೆಕ್ಕ ಹಾಕಿದರೆ, 6 ಅಡಿಯ ಈ ವೃತ್ತ ಸುಮಾರು 113 ಚದರ ಅಡಿಯಾಗುತ್ತದೆ. 4 ಅಂಗುಲ ದಪ್ಪಕ್ಕೆ ಸುಮಾರು 38 ಘನ ಅಡಿ ಎಲೆ ಬೇಕು. ಎಲ್ಲ ಮರಗಳಿಗೂ ಒಂದೇ ವರ್ಷ ಸಾಲುವುದಿಲ್ಲ. ಎಳೆಯ ಗಿಡಗಳಿಂದ ಆರಂಭಿಸಿ. ಕಳೆಯ ಕಾಟ ತಿನ್ನುವುದು ಅವನ್ನೇ ಹೆಚ್ಚು.

ಕಳೆ ತಡೆಯಲು ಮೇ ಕೊನೆಯಲ್ಲಿ, ತೇವ ಉಳಿಸಲು ಮಳೆ ಮುಗಿಯುವಾಗ ಮಣ್ಣು ಹಸಿಯಿರುವಂತೆಯೇ ಹಾಸಬೇಕು. ಗೇರುಮರಕ್ಕೆ ಮಾತ್ರ ಲೆಕ್ಕ ಬೇರೆ. ಹಣ್ಣು ಉದುರುವ ತಿಂಗಳುಗಳಲ್ಲಿ ಬುಡ ಚೊಕ್ಕಟವಾಗಿರಬೇಕು, ಇಲ್ಲದಿದ್ದರೆ ಬೀಜ ಎಲೆಯೊಳಗೆ ಸೇರಿ ಹೋಗುತ್ತದೆ. ಕೊಯ್ಲು ಮುಗಿದ ಮೇಲೆ ಹಾಸಿ.

ತೆಂಗಿನ ಸಿಪ್ಪೆಯ ವಿಷಯ

ಸಿಪ್ಪೆ ಒಳ್ಳೆಯ ಹೊದಿಕೆ. ಒಂದು ತೆಂಗಿಗೆ 100ರಿಂದ 150 ಸಿಪ್ಪೆ ಬೇಕಾಗುತ್ತದೆ. ನೆಲದ ಮೇಲೆ ಹಾಸುವಾಗ ಬೆನ್ನು ಮೇಲಾಗಿ, ಹೊಟ್ಟೆ ಕೆಳಗಾಗಿ ಕವುಚಿಡಬೇಕು. ಕಣಿ ತೋಡಿ ಹೂಳುವುದಾದರೆ ಮಾತ್ರ ನೀರು ಹಿಡಿಯಲು ಹೊಟ್ಟೆ ಮೇಲಿರಲಿ. ನೆಲದ ಮೇಲೆ ಹೊಟ್ಟೆ ಮೇಲಾಗಿ ಬಿದ್ದ ಸಿಪ್ಪೆ, ಕರಟಗಳಲ್ಲಿ ನಿಂತ ಮಳೆನೀರು ಡೆಂಗ್ಯೂ ಹರಡುವ ಸೊಳ್ಳೆಗೆ ತೊಟ್ಟಿಲು.

ಸಗಣಿ, ಕೊಳೆತ ತೆಂಗಿನ ದಿಮ್ಮಿಯನ್ನು ಮರದ ಬಳಿ ರಾಶಿ ಹಾಕಬೇಡಿ. ಸುಳಿ ಕೊರೆಯುವ ಕುರುವಾಯಿ ದುಂಬಿ ಅಂಥ ರಾಶಿಯಲ್ಲೇ ಮೊಟ್ಟೆಯಿಡುತ್ತದೆ.

ಆರೋಗ್ಯದ ಎಚ್ಚರಿಕೆ

ಇದನ್ನು ದಯವಿಟ್ಟು ಗಮನವಿಟ್ಟು ಓದಿರಿ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು; 2015ರಲ್ಲಿ ನಮ್ಮ ಸತ್ತರಿ ತಾಲೂಕಿನಲ್ಲೂ ಕಾಣಿಸಿಕೊಂಡಿತು. ಕಾಡಿನ ತರಗೆಲೆಯಲ್ಲಿರುವ ಉಣ್ಣೆ ಕಚ್ಚುವುದರಿಂದ ಇದು ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಅಪಾಯ ಹೆಚ್ಚು. ಆದ್ದರಿಂದ ಹೊದಿಕೆಗೆ ಕಾಡಿನ ಎಲೆ ತರಬೇಡಿ, ನಮ್ಮ ಹಿತ್ತಲಿನದನ್ನೇ ಬಳಸಿ. ಕಾಡಂಚಿನಲ್ಲಿ ಮನೆಯಿರುವವರು, ಗೇರು ತೋಟದಲ್ಲಿ ದುಡಿಯುವವರು ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆಯವರು ಹೇಳುವ ಉಣ್ಣೆ ನಿವಾರಕ ಹಚ್ಚಿಕೊಳ್ಳಿ. ಸಂಜೆ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹಠಾತ್ ಜ್ವರ, ವಿಪರೀತ ತಲೆನೋವು, ಮೈಕೈ ನೋವು, ಮೂಗು ಅಥವಾ ವಸಡಿನಲ್ಲಿ ರಕ್ತ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಅಥವಾ ತೋಟಕ್ಕೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ಈ ಕಾಯಿಲೆಗೆ ಬೇರೆ ಮದ್ದಿಲ್ಲ. ಬೇಗ ಸಿಗುವ ಆರೈಕೆಯೇ ಜೀವ ಉಳಿಸುವುದು.

ಹೊದಿಕೆಯೊಳಗೆ ಹಾವು, ಚೇಳು ಇರಬಹುದು. ಬರಿಗೈ ಹಾಕದೆ ಕೋಲಿನಿಂದ ಕೆದಕಿ, ಗಂಬೂಟು ತೊಡಿ. ಮನೆಯ ಗೋಡೆಯ ಪಕ್ಕ ದಪ್ಪ ಹಾಸು ಬೇಡ. ಹಾವು ಕಚ್ಚಿದರೆ ಬಿಗಿ ಕಟ್ಟದೆ, ಕೊಯ್ಯದೆ, ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹೆಚ್ಚಿನ ಮಾಹಿತಿಯನ್ನು ತಾಲೂಕಿನ ವಲಯ ಕೃಷಿ ಕಚೇರಿಯಲ್ಲಿ ಅಥವಾ ಹಳೆ ಗೋವೆಯ ಏಲಾದಲ್ಲಿರುವ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಕೇಳಬಹುದು. ಈ ವರ್ಷ ಅಂಗಳ ಗುಡಿಸಿದ ಎಲೆಗೆ ಬೆಂಕಿ ಇಡುವ ಮುನ್ನ ಎರಡು ಎಳೆಯ ಗಿಡಗಳ ಬುಡಕ್ಕೆ ಹಾಸಿ ನೋಡಿರಿ. ಪಕ್ಕದಲ್ಲಿ ಒಂದನ್ನು ಹಾಗೆಯೇ ಬಿಡಿ. ಚೌತಿಯ ಹೊತ್ತಿಗೆ ಯಾವ ಬುಡದಲ್ಲಿ ಎಷ್ಟು ಕಳೆ ಎಂಬುದು ಕಣ್ಣಿಗೇ ಕಾಣುತ್ತದೆ.