ಸಾವಯವ ಸೊಪ್ಪು, ಸಂತೆಯ ಸೊಪ್ಪು



ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಪಟ್ಟಣದಲ್ಲಿರುವ ಮಗಳ ಮನೆಗೆ ಹೋಗಿದ್ದರು. ಅಲ್ಲಿ ಅಂಗಡಿಯಲ್ಲಿ ಎರಡು ಕಡೆ ಸೊಪ್ಪು ಇಟ್ಟಿದ್ದರಂತೆ. ಒಂದು ಕಡೆ ‘ಸಾವಯವ’ ಅಂತ ಚೀಟಿ ಇತ್ತು. ಅಕ್ಕ ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಆಮೇಲೆ ಬೆಲೆ ಓದಿದರು. ಪಕ್ಕದ ಸೊಪ್ಪಿನ ಎರಡರಷ್ಟು ಬೆಲೆ!

ಊರಿಗೆ ಬಂದ ಮೇಲೆ ನಮ್ಮನ್ನು ಕೇಳಿದರು. “ನೋಡೋಕೆ ಎರಡೂ ಒಂದೇ ಥರ ಇತ್ತು ಮೇಡಂ. ಯಾಕೆ ಅಷ್ಟು ಬೆಲೆ? ಮೊಮ್ಮಗೂಗೆ ಅದನ್ನೇ ತಿನ್ನಿಸ್ಬೇಕಾ? ನಾವು ಸಂತೆ ಸೊಪ್ಪು ತಿಂದು ಬೆಳೆದೋರು. ನಮಗೇನಾಗಿದೆ?”

ಒಳ್ಳೆಯ ಪ್ರಶ್ನೆ. ನಮಗೂ ಥಟ್ಟನೆ ಉತ್ತರ ಬರಲಿಲ್ಲ. ಓದಿ, ತಿಳಿದವರನ್ನು ಕೇಳಿ, ಈ ಪಾಠ ಬರೆದಿದ್ದೇವೆ.

ಸಾವಯವ ಅಂದರೆ ಏನು?

ಹೆಸರು ಹೊಸದು. ಕೆಲಸ ಹಳೆಯದು. ಯೂರಿಯಾ, ಡಿಎಪಿಯಂಥ ರಾಸಾಯನಿಕ ಗೊಬ್ಬರ ಹಾಕುವುದಿಲ್ಲ. ಕಾರ್ಖಾನೆಯ ಕೀಟನಾಶಕ ಹೊಡೆಯುವುದಿಲ್ಲ. ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಹಸಿರೆಲೆ ಗೊಬ್ಬರ, ಬೇವಿನ ಹಿಂಡಿ, ಹೊಂಗೆ ಹಿಂಡಿ ಹಾಕುತ್ತಾರೆ. ಕೆಲವರು ಜೀವಾಮೃತ ಮಾಡುತ್ತಾರೆ. 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಸೇರಿಸಿ ಎರಡು ದಿನ ಕೊಳೆಸುತ್ತಾರೆ. ಅದನ್ನು ಹೊಲಕ್ಕೆ ಬಿಡುತ್ತಾರೆ. ನಿಮ್ಮ ಅಜ್ಜಿಗೆ ‘ಸಾವಯವ’ ಅನ್ನೋ ಮಾತು ಗೊತ್ತಿರಲಿಲ್ಲ. ತಿಪ್ಪೆಗೊಬ್ಬರ ಮಾತ್ರ ಚೆನ್ನಾಗಿ ಗೊತ್ತಿತ್ತು. ನಮ್ಮ ಕರ್ನಾಟಕ ಸರ್ಕಾರ 2004ರಲ್ಲಿ ಸಾವಯವ ಕೃಷಿಗೆ ಅಂತಲೇ ಒಂದು ನೀತಿ ತಂದಿತು.

ಹಾಗಾದರೆ ಬೆಲೆ ಯಾಕೆ ಹೆಚ್ಚು? ಇಳುವರಿ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಕಳೆ ಕೀಳೋಕೆ ಆಳು ಹೆಚ್ಚು ಬೇಕು. ರಾಸಾಯನಿಕ ಬಿಟ್ಟ ಹೊಲಕ್ಕೆ ಸಾವಯವ ಅಂತ ಪ್ರಮಾಣಪತ್ರ ಸಿಗಲು ಎರಡು ಮೂರು ವರ್ಷ ಕಾಯಬೇಕು. ಪಟ್ಟಣದ ಅಂಗಡಿಯ ಬಾಡಿಗೆಯೂ ಆ ಬೆಲೆಯಲ್ಲಿ ಸೇರಿದೆ ಅನ್ನಿ!

ಸತ್ವ ಹೆಚ್ಚಾ?

2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ವಿಟಮಿನ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನವರು 343 ಅಧ್ಯಯನ ನೋಡಿದರು. ಸಾವಯವ ಬೆಳೆಯಲ್ಲಿ ದೇಹಕ್ಕೆ ಒಳ್ಳೆಯದಾದ ಕೆಲವು ಅಂಶ ಸ್ವಲ್ಪ ಹೆಚ್ಚಿವೆ ಎಂದರು. ಒಂದು ಮಾತನ್ನು ಇಬ್ಬರೂ ಹೇಳಿದರು. ಸಾವಯವ ಬೆಳೆಯಲ್ಲಿ ಕೀಟನಾಶಕ ಉಳಿದಿರುವುದು ಕಡಿಮೆ.

ಸತ್ವದ ವಿಷಯಕ್ಕೆ ಬಂದರೆ, ಹೇಗೆ ಬೆಳೆದರು ಅನ್ನೋದಕ್ಕಿಂತ ಏನು ತಿಂದಿರಿ ಅನ್ನೋದು ದೊಡ್ಡದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶ ಇದೆ. ಬಿಳಿ ಅಕ್ಕಿಯಲ್ಲಿ 10ರ ಆಸುಪಾಸು. ದುಬಾರಿ ಸಾವಯವ ಅಕ್ಕಿ ತಂದರೂ ಅದು ರಾಗಿ ಆಗೋದಿಲ್ಲ. ಹಿತ್ತಲಿನ ನುಗ್ಗೆ ಸೊಪ್ಪು, ಹೊಲದ ಬದುವಿನ ಹೊನಗೊನೆ ಸೊಪ್ಪು ನೋಡಿ. ಇವಕ್ಕೆ ಯಾರೂ ಔಷಧಿ ಹೊಡೆಯೋದಿಲ್ಲ. ಚೀಟಿ ಇಲ್ಲ, ಬೆಲೆಯೂ ಇಲ್ಲ. ಆದರೆ ಪಕ್ಕದ ಹೊಲದಲ್ಲಿ ಔಷಧಿ ಹೊಡೆದಿದ್ದರೆ ಬದುವಿನ ಸೊಪ್ಪು ಕೊಯ್ಯಬೇಡಿ.

ಇನ್ನೊಂದು ಮಾತು. ಸಾವಯವ ಸಿಗಲಿಲ್ಲ ಅಂತ ಮಗುವಿಗೆ ಸೊಪ್ಪು ತರಕಾರಿಯನ್ನೇ ಬಿಡಿಸಬೇಡಿ. ಅದು ದೊಡ್ಡ ನಷ್ಟ. ಸಂತೆಯಿಂದ ತಂದದ್ದನ್ನು ಸುರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಎಲೆಕೋಸಿನ ಮೇಲಿನ ಎಲೆ ತೆಗೆಯಿರಿ. ಮೇಲೆ ಕೂತ ವಿಷ ಇದರಿಂದ ಬಹಳಷ್ಟು ಹೋಗುತ್ತದೆ. ಗಿಡದ ಒಳಗೇ ಇಳಿಯುವ ಕೀಟನಾಶಕವೂ ಉಂಟು. ಅದು ತೊಳೆದರೆ ಹೋಗೋದಿಲ್ಲ. ಸಾವಯವ ಸೊಪ್ಪನ್ನೂ ತೊಳೆಯಲೇಬೇಕು. ಹಸಿ ಸಗಣಿ ಗೊಬ್ಬರದಿಂದ ಭೇದಿ ತರುವ ರೋಗಾಣು ಬರಬಹುದು. ಬೂಷ್ಟು ಹಿಡಿದ ಕಡಲೆಕಾಯಿ ಬೀಜವೂ ವಿಷವೇ. ಅದನ್ನು ಯಾವ ಗೊಬ್ಬರದಲ್ಲಿ ಬೆಳೆದಿದ್ದರೂ ಸರಿ, ತಿನ್ನಬಾರದು.

ಔಷಧಿ ಅಲ್ಲ, ವಿಷ

ಇಷ್ಟು ಹೊತ್ತು ತಿನ್ನುವವರ ಮಾತಾಯಿತು. ನೀವು ಬರೀ ತಿನ್ನುವವರಲ್ಲ. ಕಳೆ ಕೀಳುವವರು ನೀವು. ಮೆಣಸಿನಕಾಯಿ ಬಿಡಿಸುವವರು, ಹತ್ತಿ ಬಿಡಿಸುವವರು ನೀವು. ಕೀಟನಾಶಕ ಕಲಸುವ ನೀರು ಹೊತ್ತು ತರುವವರು ನೀವು. ಮನೆಯವರು ಹೊಡೆದು ಬಂದ ಮೇಲೆ ಆ ಬಟ್ಟೆ ಒಗೆಯುವವರೂ ನೀವೇ. ಊಟದ ಜೊತೆ ಹೊಟ್ಟೆಗೆ ಹೋಗುವುದು ಎಳ್ಳಿನಷ್ಟು. ಹೊಲದಲ್ಲಿ ಚರ್ಮಕ್ಕೆ ತಾಗುವುದು, ಉಸಿರಿನಲ್ಲಿ ಒಳಗೆ ಹೋಗುವುದು ಅದಕ್ಕಿಂತ ಎಷ್ಟೋ ಹೆಚ್ಚು.

ದಕ್ಷಿಣ ಕನ್ನಡ ಜಿಲ್ಲೆಯ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯವರನ್ನು ಕೇಳಿ. ಪಕ್ಕದ ಕಾಸರಗೋಡಿನವರನ್ನು ಕೇಳಿ. ಅಲ್ಲಿನ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಒಂದು ವರ್ಷ ಅಲ್ಲ, ಎರಡು ವರ್ಷ ಅಲ್ಲ. 2000ನೇ ಇಸವಿಯವರೆಗೆ ವರ್ಷ ವರ್ಷವೂ ಸುರಿದರು. ತೋಟದ ಸುತ್ತ ಮನೆಗಳಿದ್ದವು, ಬಾವಿಗಳಿದ್ದವು, ಶಾಲೆಗಳಿದ್ದವು. ಅಲ್ಲಿನ ಮಕ್ಕಳಲ್ಲಿ ಅಂಗವಿಕಲತೆ, ಬುದ್ಧಿ ಬೆಳೆಯದಿರುವುದು, ಫಿಟ್ಸ್ ಹೆಚ್ಚಾಗಿ ಕಂಡವು. ಇಂದಿಗೂ ಆ ಮಕ್ಕಳನ್ನು ಎತ್ತಿ, ಉಣಿಸಿ, ನೋಡಿಕೊಳ್ಳುತ್ತಿರುವ ತಾಯಂದಿರಿದ್ದಾರೆ. ಅಂಥವರಿಗೆ ಸರ್ಕಾರ ಮಾಸಾಶನ ಕೊಡುತ್ತಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ದೇಶದಲ್ಲೆಲ್ಲ ನಿಲ್ಲಿಸಿತು. ಗೇರುಬೀಜ ತಿಂದವರು ಎಲ್ಲೋ ದೂರದ ಊರಿನವರು. ನೋವು ಬಂದದ್ದು ತೋಟದ ಪಕ್ಕ ಇದ್ದವರಿಗೆ.

ಮನೆಯ ಒಳಗಿನ ಮಾತೂ ಉಂಟು. 2013ರ ಜುಲೈ ತಿಂಗಳು. ಬಿಹಾರದ ಒಂದು ಹಳ್ಳಿ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿ 23 ಮಕ್ಕಳು ಸತ್ತರು. ಪರೀಕ್ಷೆ ಮಾಡಿ ನೋಡಿದರೆ, ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ತರಕಾರಿಗೆ ಅದನ್ನು ಹೊಡೆಯಬಾರದು ಅಂತ 2005ರಲ್ಲೇ ನಮ್ಮ ದೇಶದಲ್ಲಿ ನಿಷೇಧ ಆಗಿತ್ತು. ಶಾಲೆಯಲ್ಲಿ ಪಾಠ ಹೇಳುವವರು ನಾವು. ಆ ಸುದ್ದಿ ಓದಿದ ದಿನ ನಮಗೆ ಊಟ ಸೇರಲಿಲ್ಲ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕೀಟನಾಶಕದ ಡಬ್ಬಿ ಎಲ್ಲಿರುತ್ತದೆ? ಅಟ್ಟದ ಮೇಲೆ. ಇಲ್ಲವೇ ಒಲೆಯ ಹಿಂದಿನ ಗೂಡಿನಲ್ಲಿ, ಎಣ್ಣೆ ಸೀಸೆಯ ಪಕ್ಕದಲ್ಲಿ. ಖಾಲಿ ಆದ ಮೇಲೆ ತೊಳೆದು ಸೀಮೆಎಣ್ಣೆಗೋ ನೀರಿಗೋ ಇಟ್ಟುಕೊಳ್ಳುವವರೂ ಇದ್ದಾರೆ. ದಯವಿಟ್ಟು ಬೇಡ. ಎಷ್ಟು ತೊಳೆದರೂ ಆ ಡಬ್ಬಿ ಡಬ್ಬಿಯಲ್ಲ. ತೂತು ಮಾಡಿ, ಜಜ್ಜಿ, ಯಾರೂ ಮತ್ತೆ ಬಳಸದ ಹಾಗೆ ಮಾಡಿ. ಹೊಡೆದ ದಿನದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಸಬೇಡಿ. ಬಸುರಿಯರು, ಮಗುವಿಗೆ ಹಾಲೂಡಿಸುವವರು ಆ ಕೆಲಸಕ್ಕೆ ಹೋಗಲೇಬಾರದು. ಗಂಡ, ಅತ್ತೆ ಏನೇ ಅಂದರೂ ಈ ಮಾತಿಗೆ ಬಗ್ಗಬೇಡಿ.

ನಾವು ಬಾಯಲ್ಲಿ ‘ಔಷಧಿ’ ಅಂತೀವಿ. ‘ಔಷಧಿ ಹೊಡೀಬೇಕು’ ಅಂತೀವಿ. ಡಬ್ಬಿಯ ಮೇಲೆ ಇರುವ ಗುರುತು ಬೇರೆ ಹೇಳುತ್ತದೆ. ಅಲ್ಲಿ ಒಂದು ಚೌಕ ಮೂಲೆಯ ಮೇಲೆ ನಿಂತಿರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಹಚ್ಚಿರುತ್ತದೆ. ಕೆಂಪು ಇದ್ದರೆ ಅತಿ ಭಯಂಕರ ವಿಷ. ಮೇಲಿನ ಅರ್ಧದಲ್ಲಿ ತಲೆಬುರುಡೆಯ ಚಿತ್ರವೂ ಇರುತ್ತದೆ. ಹಳದಿ ಇದ್ದರೆ ಅದಕ್ಕಿಂತ ಸ್ವಲ್ಪ ಕಡಿಮೆ ವಿಷ. ನೀಲಿ ಇನ್ನೂ ಕಡಿಮೆ. ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಅಂದರೆ ಕುಡಿಯಬಹುದು ಅಂತಲ್ಲ ಮತ್ತೆ!

ಡಬ್ಬಿಯ ಜೊತೆ ಮಡಿಸಿದ ಒಂದು ಕಾಗದ ಬರುತ್ತದೆ. ಅದರಲ್ಲಿ ಕನ್ನಡವೂ ಇರಬೇಕು. ಅಕ್ಷರ ಸಣ್ಣದು, ನಮಗೇ ಓದಲು ಕಷ್ಟ. ಆದರೂ ಮೂರು ವಿಷಯ ಹುಡುಕಿ. ಯಾವ ಬೆಳೆಗೆ? ಎಷ್ಟು ನೀರಿಗೆ ಎಷ್ಟು? ಹೊಡೆದು ಎಷ್ಟು ದಿನ ಆದ ಮೇಲೆ ಕೊಯ್ಯಬೇಕು? ಈ ಮೂರನೆಯದನ್ನೇ ಜನ ಬಿಡುವುದು. ನಾಳೆ ಸಂತೆ ಅಂತ ಇವತ್ತು ಬದನೆಕಾಯಿಗೆ ಹೊಡೆದರೆ ಆ ವಿಷ ಯಾರ ಮನೆ ಸಾರಿಗೆ ಹೋಗುತ್ತದೆ? ಯಾರಿಗಾದರೂ ವಿಷ ತಗುಲಿದರೆ ಡಬ್ಬಿಯನ್ನೂ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಹೆಸರು ನೋಡಿದರೆ ಡಾಕ್ಟರಿಗೆ ಯಾವ ಚಿಕಿತ್ಸೆ ಅಂತ ಬೇಗ ತಿಳಿಯುತ್ತದೆ.

ಹಾಗಾದರೆ ನಾಳೆಯಿಂದಲೇ ಎಲ್ಲ ಬಿಟ್ಟುಬಿಡೋಣವಾ? ಅವಸರ ಬೇಡ. 2021ರಲ್ಲಿ ಶ್ರೀಲಂಕಾ ದೇಶ ರಾಸಾಯನಿಕ ಗೊಬ್ಬರವನ್ನು ಒಂದೇ ಏಟಿಗೆ ನಿಲ್ಲಿಸಿತು. ಭತ್ತದ ಇಳುವರಿ ಬಿತ್ತು. ರೈತರು ಬೀದಿಗೆ ಬಂದರು. ಅದೇ ವರ್ಷ ನವೆಂಬರಿನಲ್ಲಿ ಸರ್ಕಾರ ಆದೇಶ ವಾಪಸು ತೆಗೆದುಕೊಂಡಿತು. ಮಣ್ಣು ಸುಧಾರಿಸೋಕೆ ವರ್ಷಗಳು ಬೇಕು. ಮೊದಲು ಮನೆಗೆ ತಿನ್ನುವಷ್ಟು ಸೊಪ್ಪು ತರಕಾರಿ ಹಿತ್ತಲಲ್ಲಿ ಹಾಗೆ ಬೆಳೆಯಿರಿ. ಬಚ್ಚಲ ನೀರು ಹೋಗುವ ಕಡೆ ಒಂದು ನುಗ್ಗೆ ನೆಡಿ. ಆಮೇಲೆ ಒಂದು ಮೂಲೆ ಹೊಲದಲ್ಲಿ ಮಾಡಿ ನೋಡಿ.

ಆ ಅಕ್ಕನಿಗೆ ನಾವು ಹೇಳಿದ್ದು ಇಷ್ಟು. ಮಗಳ ಕೈಯಲ್ಲಿ ದುಡ್ಡಿದ್ದರೆ ಸಾವಯವ ತರಲಿ, ಒಳ್ಳೆಯದೇ. ಪೊಟ್ಟಣದಲ್ಲಿ ಬರುವುದಾದರೆ ಸರ್ಕಾರದ ಸಾವಯವ ಗುರುತು ಇದೆಯಾ ನೋಡಲಿ. 2017ರಲ್ಲಿ ಅದಕ್ಕೆ ಸರ್ಕಾರದ ನಿಯಮ ಬಂದಿದೆ. ಬರೀ ಚೀಟಿಯನ್ನು ಯಾರು ಬೇಕಾದರೂ ಹಚ್ಚಬಹುದು. ದುಡ್ಡಿಲ್ಲದಿದ್ದರೆ ಸಂತೆ ಸೊಪ್ಪನ್ನೇ ಚೆನ್ನಾಗಿ ತೊಳೆದು ಮಾಡಲಿ.

ಅಕ್ಕ ತಲೆ ಆಡಿಸಿದರು. ಮಾರನೆಯ ದಿನ ಸೆರಗಿನಲ್ಲಿ ಒಂದು ಕಾಗದ ಕಟ್ಟಿಕೊಂಡು ಬಂದರು. ಮನೆಯ ಡಬ್ಬಿಯ ಜೊತೆ ಬಂದ ಕಾಗದ. ಅವತ್ತು ನಾವು ಪುಸ್ತಕ ತೆರೆಯಲಿಲ್ಲ. ಲಾಟೀನಿನ ಬೆಳಕಿನಲ್ಲಿ ಎಲ್ಲರೂ ಸೇರಿ ಅದನ್ನೇ ಓದಿದೆವು. ‘ಕೊಯ್ಲಿಗೆ ಮುಂಚೆ ಕಾಯಬೇಕಾದ ದಿನ’ ಅನ್ನೋ ಸಾಲಿಗೆ ಬಂದಾಗ ಅಕ್ಕ ಬೆರಳಿಟ್ಟು ನಿಂತರು. ಎರಡು ಸಲ ಓದಿದರು. “ಇವರು ಮೊನ್ನೆ ಹೊಡೆದಿದ್ದು. ನಾಡಿದ್ದು ಕೊಯ್ಯೋಣ ಅಂತಿದ್ರು” ಅಂದರು. ಕಾಗದವನ್ನು ಮಡಚಿ ಮತ್ತೆ ಸೆರಗಿಗೆ ಕಟ್ಟಿಕೊಂಡರು. ಬೇಗ ಮನೆಗೆ ಹೊರಟರು.