ಹಳೆ ಕಂಪ್ಯೂಟರ್ ಏಳುತ್ತಿಲ್ಲವೇ? ಗುಜರಿಗೆ ಹಾಕುವ ಮುನ್ನ ರ್‍ಯಾಮ್, ಬಯೋಸ್ ನೋಡಿ

ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಇಲ್ಲವೇ ಆನ್ ಮಾಡಿದಾಗಲೆಲ್ಲ ತಾರೀಕು ಹತ್ತಿಪ್ಪತ್ತು ವರ್ಷ ಹಿಂದಕ್ಕೆ ಹೋಗಿರುತ್ತದೆ, ಎಫ್1 ಒತ್ತದೆ ಮುಂದೆ ಸಾಗುವುದಿಲ್ಲ. ಹಳೆಯ ಡೆಸ್ಕ್‌ಟಾಪ್ ಇರುವ ಮನೆಗಳಲ್ಲಿ ಈ ಎರಡು ದೂರುಗಳು ಸಾಮಾನ್ಯ.

ಕಾಸರಗೋಡಿನ ನಮ್ಮ ಮನೆಯಲ್ಲೂ ಒಂದು ಮಳೆಗಾಲದಲ್ಲಿ ಹೀಗೇ ಆಯಿತು. ದೊಡ್ಡಪ್ಪ ತಾಳಮದ್ದಳೆಗೆಂದು ವರ್ಷಗಟ್ಟಲೆ ನುಡಿಯಲ್ಲಿ ಟೈಪ್ ಮಾಡಿಟ್ಟ ಟಿಪ್ಪಣಿಗಳೆಲ್ಲ ಅದರಲ್ಲಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ. ಪೇಟೆಯ ರಿಪೇರಿ ಅಂಗಡಿಯಲ್ಲಿ "ಮದರ್‌ಬೋರ್ಡ್ ಹೋಗಿದೆ, ಗುಜರಿಗೆ ಹಾಕಿ" ಎಂದರು. ಮನೆಗೆ ತಂದು ರ್‍ಯಾಮ್ ಬಿಚ್ಚಿ, ಮಗುವಿನ ಶಾಲೆಯ ಚೀಲದಲ್ಲಿದ್ದ ರಬ್ಬರಿನಿಂದ ಉಜ್ಜಿ ಹಾಕಿದಾಗ ಯಂತ್ರ ಎದ್ದಿತು. ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ. ಆದರೆ ಗುಜರಿಗೆ ಹಾಕುವ ಮೊದಲು ನೋಡಬೇಕಾದ ಕೆಲವು ಸಂಗತಿಗಳಿವೆ.

ಮೊದಲು ಒಂದು ಧೈರ್ಯದ ಮಾತು. ನಿಮ್ಮ ಕಡತ, ಫೋಟೋಗಳು ಇರುವುದು ಹಾರ್ಡ್ ಡಿಸ್ಕಿನಲ್ಲಿ. ರ್‍ಯಾಮ್ ಕೆಟ್ಟು ಯಂತ್ರ ಏಳದಿದ್ದರೂ, ಬಯೋಸ್ ಸೆಟ್ಟಿಂಗ್ ಅಳಿದರೂ ಅವು ಅಲ್ಲೇ ಇರುತ್ತವೆ. ಹಾಗಾಗಿ ಫಾರ್ಮ್ಯಾಟ್ ಎಂಬುದು ಈ ರೋಗಕ್ಕೆ ಮದ್ದಲ್ಲ.

ಯಾವುದು ಏನು ಮಾಡುತ್ತದೆ?

ಹಾರ್ಡ್ ಡಿಸ್ಕ್ ಅಡಕೆ ತುಂಬಿಡುವ ಅಟ್ಟವಾದರೆ, ರ್‍ಯಾಮ್ ಅದನ್ನು ಹರಡುವ ಅಂಗಳ. ಕೆಲಸವೆಲ್ಲ ನಡೆಯುವುದು ಅಂಗಳದಲ್ಲಿ. ಕರೆಂಟ್ ಹೋದರೆ ಅಂಗಳ ಖಾಲಿ.

ಬಯೋಸ್ ಎಂದರೆ ಮದರ್‌ಬೋರ್ಡಿನ ಚಿಪ್ ಒಂದರಲ್ಲಿರುವ ಚಿಕ್ಕ ತಂತ್ರಾಂಶ. ಆನ್ ಮಾಡಿದ ಕೂಡಲೇ ಮೊದಲು ಏಳುವುದು ಅದೇ. ರ್‍ಯಾಮ್, ಡಿಸ್‌ಪ್ಲೇ, ಕೀಬೋರ್ಡ್, ಡಿಸ್ಕ್ ಎಲ್ಲವನ್ನೂ ನೋಡಿ, ಆಮೇಲೆ ವಿಂಡೋಸಿಗೆ ಜವಾಬ್ದಾರಿ ಒಪ್ಪಿಸುತ್ತದೆ. ಯಂತ್ರ ಆರಿಸಿದಾಗಲೂ ಗಡಿಯಾರ ನಡೆಸಲು, ಸೆಟ್ಟಿಂಗ್ ಉಳಿಸಲು ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032, 3 ವೋಲ್ಟಿನದು.

ಬೀಪ್ ಶಬ್ದ ಕೇಳಿಸಿಕೊಳ್ಳಿ

ಪರದೆ ಕಪ್ಪಾಗಿದ್ದಾಗ ಬಯೋಸ್ ಬೀಪ್ ಮೂಲಕ ಮಾತಾಡುತ್ತದೆ. ಅವಾರ್ಡ್ ಬಯೋಸ್ ಇರುವ ಬೋರ್ಡಿನಲ್ಲಿ ಉದ್ದನೆಯ ಬೀಪ್ ಮತ್ತೆ ಮತ್ತೆ ಬಂದರೆ ತೊಂದರೆ ರ್‍ಯಾಮಿನಲ್ಲಿ; ಒಂದು ಉದ್ದ, ಎರಡು ಗಿಡ್ಡ ಬಂದರೆ ಡಿಸ್‌ಪ್ಲೇಯಲ್ಲಿ. ಎಎಂಐ ಬಯೋಸಿನಲ್ಲಿ ಮೂರು ಗಿಡ್ಡ ಬೀಪ್ ರ್‍ಯಾಮಿನ ದೂರು, ಎಂಟು ಬೀಪ್ ಡಿಸ್‌ಪ್ಲೇಯ ದೂರು. ಕ್ಯಾಬಿನೆಟ್ಟಿನ ಒಳಗೆ ಪುಟ್ಟ ಸ್ಪೀಕರ್ ಇಲ್ಲದಿದ್ದರೆ ಏನೂ ಕೇಳಿಸದು ಎಂಬುದು ನೆನಪಿರಲಿ.

ರ್‍ಯಾಮ್ ಪರೀಕ್ಷೆ ಹೀಗೆ

1. ವಿದ್ಯುತ್ ವಯರನ್ನು ಪೂರ್ತಿ ಕಿತ್ತಿಡಿ. ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ಕರೆಂಟ್ ಹೋಗಲಾಡಿಸಿ. ಪಕ್ಕದ ಮುಚ್ಚಳ ತೆಗೆದು, ಮೊದಲು ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹವನ್ನು ಮುಟ್ಟಿ. ಮೈಯಲ್ಲಿರುವ ಸ್ಥಿರ ವಿದ್ಯುತ್ತಿನಿಂದ ಚಿಪ್ ಹಾಳಾಗಬಾರದು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲೇಬೇಡಿ, ಅದರೊಳಗೆ ಅಪಾಯದ ವಿದ್ಯುತ್ ಉಳಿದಿರುತ್ತದೆ.

2. ರ್‍ಯಾಮಿನ ಎರಡು ತುದಿಯ ಕ್ಲಿಪ್ ಸರಿಸಿ ನೇರವಾಗಿ ಮೇಲಕ್ಕೆತ್ತಿ. ಕರಾವಳಿಯ ತೇವದ ಗಾಳಿಗೆ ಕೆಳಗಿನ ಚಿನ್ನದ ಬಣ್ಣದ ಪಟ್ಟಿಗಳು ಮಸುಕಾಗಿರಬಹುದು. ಪೆನ್ಸಿಲ್ ಅಳಿಸುವ ಮೆದು ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಪೂರ್ತಿ ಕೊಡವಿ. ಸ್ಲಾಟಿನ ಧೂಳನ್ನು ಒಣಗಿದ ಮೆದು ಬ್ರಷ್‌ನಿಂದ ತೆಗೆಯಿರಿ. ನೀರು, ಸೀಮೆಎಣ್ಣೆ, ಮರಳು ಕಾಗದ ಬೇಡ.

3. ರ್‍ಯಾಮಿನ ಸೀಳು ಸ್ಲಾಟಿನ ಉಬ್ಬಿಗೆ ಸರಿಹೊಂದುವಂತೆ ಇಟ್ಟು, ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ.

4. ಎರಡು ರ್‍ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಪ್ರತಿ ಸಲವೂ ವಯರ್ ಕಿತ್ತ ಮೇಲೆಯೇ ಬದಲಿಸಿ. ಒಂದು ರ್‍ಯಾಮ್ ಯಾವ ಸ್ಲಾಟಿನಲ್ಲೂ ಏಳದಿದ್ದರೆ ಅದು ಕೆಟ್ಟಿರುವ ಸಂಭವವೇ ಹೆಚ್ಚು. ಒಂದು ಸ್ಲಾಟಿನಲ್ಲಿ ಯಾವ ರ್‍ಯಾಮೂ ಏಳದಿದ್ದರೆ ಆ ಸ್ಲಾಟ್ ಬಿಟ್ಟು ಬಳಸಿ.

ಎದ್ದರೂ ನಂಬಬೇಡಿ

ಅರೆಬರೆ ಕೆಟ್ಟ ರ್‍ಯಾಮ್ ಪೂರ್ತಿ ಕೆಟ್ಟದ್ದಕ್ಕಿಂತ ಅಪಾಯ. ಯಂತ್ರ ಓಡುತ್ತದೆ, ನಡುನಡುವೆ ನೀಲಿ ಪರದೆ ಬರುತ್ತದೆ. ನೀವು ಸೇವ್ ಮಾಡುವ ಕಡತ ಡಿಸ್ಕಿಗೆ ಹೋಗುವುದು ಈ ರ್‍ಯಾಮಿನ ಮೂಲಕವೇ ಆದ್ದರಿಂದ ಅಕ್ಷರಗಳು ಸದ್ದಿಲ್ಲದೆ ತಪ್ಪಾಗಬಹುದು. ಅನುಮಾನವಿದ್ದಾಗ ವಿಂಡೋಸ್ ಮರುಸ್ಥಾಪನೆ, ಡಿಸ್ಕ್ ರಿಪೇರಿ ಯಾವುದನ್ನೂ ಮಾಡಬೇಡಿ.

ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಬೇರೆ ಕಂಪ್ಯೂಟರಿನಲ್ಲಿ ಸಿಡಿ ಅಥವಾ ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಅದರಿಂದಲೇ ಯಂತ್ರ ಬೂಟ್ ಮಾಡಿ. ರಾತ್ರಿಯಿಡೀ ಓಡಲು ಬಿಟ್ಟರೆ ಒಳ್ಳೆಯದು. ಒಂದೇ ಒಂದು ಎರರ್ ಬಂದರೂ ಕಡೆಗಣಿಸಬೇಡಿ. ರ್‍ಯಾಮ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ. ಎಲ್ಲದರಲ್ಲೂ ಎರರ್ ಬಂದರೆ ದೋಷ ಬೋರ್ಡಿನಲ್ಲೋ ಎಸ್‌ಎಂಪಿಎಸ್‌ನಲ್ಲೋ ಇರಬಹುದು. ಬೋರ್ಡಿನ ಮೇಲಿನ ಡಬ್ಬಿಯಾಕಾರದ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ನೋಡಿ. 2000ರ ದಶಕದ ಆರಂಭದ ಎಷ್ಟೋ ಬೋರ್ಡುಗಳು ಈ ಕಾರಣಕ್ಕೇ ಕೆಟ್ಟಿವೆ.

ಹೊಸ ರ್‍ಯಾಮ್ ಬೇಕಾದರೆ ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ಡಿಡಿಆರ್, ಡಿಡಿಆರ್2, ಡಿಡಿಆರ್3 ಒಂದರ ಬದಲು ಒಂದು ನಡೆಯುವುದಿಲ್ಲ. ಸೀಳಿನ ಜಾಗ, ವೋಲ್ಟೇಜ್ ಎರಡೂ ಬೇರೆ. 4 ಜಿಬಿ ಹಾಕಿದರೂ 32 ಬಿಟ್ ವಿಂಡೋಸ್ 3 ಜಿಬಿಗಿಂತ ತುಸು ಹೆಚ್ಚು ಮಾತ್ರ ತೋರಿಸಿದರೆ ಗಾಬರಿ ಬೇಡ, ಅದು ದೋಷವಲ್ಲ.

ಸೆಲ್ ಬದಲಿಸುವಾಗ

ತಾರೀಕು ತಪ್ಪುವುದು, 'ಸಿಎಂಓಎಸ್ ಚೆಕ್‌ಸಮ್ ಎರರ್' ಎಂದು ಬರುವುದು ಬಹುತೇಕ ಸೆಲ್ ಮುಗಿದ ಲಕ್ಷಣ. ತಾರೀಕು ತಪ್ಪಿದ್ದರೆ ಇಂಟರ್‌ನೆಟ್ಟಿನ ಹಲವು ಪುಟಗಳು ಸುರಕ್ಷಿತವಲ್ಲವೆಂದು ತೆರೆಯಲು ನಿರಾಕರಿಸುತ್ತವೆ.

ಸೆಲ್ ತೆಗೆಯುವ ಮೊದಲು ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್ ಒಳಹೊಕ್ಕು, ಎಲ್ಲ ಪುಟಗಳ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಹೊಸ ಸೆಲ್ಲಿನ ಪ್ಲಸ್ ಗುರುತು ಹಳೆಯದು ಇದ್ದ ದಿಕ್ಕಿಗೇ ಇರಲಿ. ಹಳೆಯ ಸೆಲ್ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ; ನುಂಗಿದರೆ ಪ್ರಾಣಕ್ಕೇ ಅಪಾಯ.

ಸೆಲ್ ಹಾಕಿದ ಬಳಿಕ ತಾರೀಕು, ಬೂಟ್ ಕ್ರಮ ಸರಿಪಡಿಸಿ. ಇಲ್ಲೇ ಹಲವರು ಎಡವುವುದು. ಸಾಟಾ ಡಿಸ್ಕಿನ ಸೆಟ್ಟಿಂಗ್ ಐಡಿಇ, ಎಎಚ್‌ಸಿಐ ಎಂದು ಎರಡು ಬಗೆ. ಸೆಲ್ ಮುಗಿದಾಗ ಅದು ತಾನಾಗಿ ಬದಲಾಗಬಹುದು. ಆಗ ವಿಂಡೋಸ್ ಏಳದೆ 7ಬಿ ಎಂದು ಮುಗಿಯುವ ಸಂಖ್ಯೆಯೊಡನೆ ನೀಲಿ ಪರದೆ ತೋರಿಸುತ್ತದೆ. ಡಿಸ್ಕ್ ಹೋಯಿತೆಂದು ಫಾರ್ಮ್ಯಾಟ್ ಮಾಡಿಸುವ ಮೊದಲು ಈ ಸೆಟ್ಟಿಂಗನ್ನು ಮೊದಲಿದ್ದ ಬಗೆಗೆ ಮರಳಿಸಿ ನೋಡಿ.

ಬಯೋಸ್ ತಂತ್ರಾಂಶವನ್ನೇ ಅಪ್‌ಡೇಟ್ ಮಾಡಲು ಯಾರಾದರೂ ಹೇಳಿದರೆ ಅವಸರ ಬೇಡ. ನಡುವೆ ಕರೆಂಟ್ ಹೋದರೆ, ಅಥವಾ ಬೇರೆ ಮಾದರಿಯ ಬೋರ್ಡಿನ ಕಡತ ಹಾಕಿದರೆ, ಬೋರ್ಡ್ ಏಳದೇ ಹೋಗಬಹುದು.

ಎದ್ದ ದಿನವೇ ಮಾಡಬೇಕಾದ್ದು

ಇಷ್ಟು ಮಾಡಿಯೂ ಆಗದಿದ್ದರೆ ಅಂಗಡಿಗೆ ಒಯ್ಯಿರಿ. ಮಲಯಾಳದಲ್ಲಾದರೂ ಹೇಳಿ, ಕನ್ನಡದಲ್ಲಾದರೂ ಹೇಳಿ, ಆದರೆ ಮೊದಲೇ ಹೇಳಿ: ಕೇಳದೆ ಫಾರ್ಮ್ಯಾಟ್ ಮಾಡಬಾರದು. ಬೋರ್ಡ್ ನಿಜವಾಗಿ ಹೋಗಿದ್ದರೂ ಹಾರ್ಡ್ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ ಕಡತ ತೆಗೆಯಬಹುದು.

ಪರೀಕ್ಷೆಯಲ್ಲಿ ಪಾಸಾದರೆ ಅಂದೇ ಬೇಕಾದದ್ದನ್ನೆಲ್ಲ ಪೆನ್‌ಡ್ರೈವಿಗೆ ಪ್ರತಿ ಮಾಡಿ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿದೆ. ಅಂಥ ಯಂತ್ರವನ್ನು ಇಂಟರ್‌ನೆಟ್ಟಿಗೆ ಜೋಡಿಸದಿರುವುದೇ ಲೇಸು.

ದೊಡ್ಡಪ್ಪನ ಟಿಪ್ಪಣಿಗಳು ಈಗ ಎರಡು ಪೆನ್‌ಡ್ರೈವಿನಲ್ಲಿವೆ. ಒಂದು ನಮ್ಮ ಮನೆಯಲ್ಲಿ, ಇನ್ನೊಂದು ಗಡಿಯಾಚೆ ಪುತ್ತೂರಿನಲ್ಲಿರುವ ಅಕ್ಕನ ಮನೆಯಲ್ಲಿ.