ಅಣಬೆ ಕೀಳುವ ಮುನ್ನ ಬುಡ ನೋಡಿ

ಮುಂಗಾರಿನ ಎರಡು ಮಳೆ ಬಿದ್ದು ಬಿಸಿಲು ಕಾದರೆ ಸಾಕು, ಕಿರುಗಾವಲು ಸುತ್ತಿನ ಬದುಗಳಲ್ಲಿ, ಹುತ್ತದ ಮಗ್ಗುಲಲ್ಲಿ, ಕೊಳೆತ ಭತ್ತದ ಹುಲ್ಲಿನ ಮೇಲೆ ಅಣಬೆ ಏಳುತ್ತವೆ. ಕೆಲಸಕ್ಕೆ ಹೋದ ಹೆಣ್ಣುಮಕ್ಕಳು ಮಡಿಲಲ್ಲಿ ತುಂಬಿಕೊಂಡು ಬರುತ್ತಾರೆ. ಅವತ್ತಿನ ಸಾರಿನ ಮುಂದೆ ಕೋಳಿ ಸಾರೂ ಸಪ್ಪೆ! ಆದರೆ ತಿನ್ನುವ ಅಣಬೆಯ ಪಕ್ಕದಲ್ಲೇ ತಿನ್ನಬಾರದ್ದೂ ಇರಬಹುದು.

ನಮ್ಮವರಿಗೆ ಹೆಚ್ಚು ನಂಬಿಕೆ ಹುತ್ತದ ಅಣಬೆ ಮೇಲೆ. ಗೆದ್ದಲು ಒಣ ಎಲೆ, ಕಡ್ಡಿ ತಿಂದು, ಅದರ ಲದ್ದಿಯಿಂದ ಗೂಡಿನೊಳಗೆ ಸ್ಪಂಜಿನಂಥ ತೋಟ ಕಟ್ಟಿ ಈ ಶಿಲೀಂಧ್ರವನ್ನು ಸಾಕುತ್ತದೆ. ಮಳೆಗಾಲದಲ್ಲಿ ಅದೇ ಮೇಲೇಳುತ್ತದೆ. ದಕ್ಷಿಣ ಭಾರತದ ಇಂಥ ಒಂದು ಜಾತಿಗೆ ಕೆ. ನಟರಾಜನ್ 1979ರಲ್ಲಿ ಟರ್ಮಿಟೊಮೈಸಿಸ್ ಹೈಮಿ ಎಂದು ಹೆಸರಿಟ್ಟರು. ಇದನ್ನು ಎಳೆದು ಕೀಳಬೇಡಿ, ಕುಡುಗೋಲಿನ ತುದಿಯಿಂದ ಮೆಲ್ಲಗೆ ಅಗೆಯಿರಿ. ಕಾಂಡ ಬೇರಿನ ಹಾಗೆ ಸಣ್ಣಗಾಗುತ್ತಾ ಗೂಡಿನ ಕಡೆಗೆ ಇಳಿದಿರುತ್ತದೆ. ಕೊಡೆಯ ನಡುವೆ ಗಟ್ಟಿ ಮೊನೆ ಇರುತ್ತದೆ. ಮಣ್ಣು ಸೀಳಿ ಬರಲು ಅದೇ ಗುದ್ದಲಿ. ಬೇರು ಸಿಗಲಿಲ್ಲವೇ? ಬಿಟ್ಟುಬಿಡಿ.

ಹುಲ್ಲಿನ ಮೈದಾನದಲ್ಲಿ ಏಳುವ ದೊಡ್ಡ ಬಿಳಿ ಕೊಡೆ, ಮೇಲೆ ಕಂದು ಚಕ್ಕೆ, ಕಾಂಡಕ್ಕೊಂದು ಬಳೆ. ಇದು ಕ್ಲೋರೋಫಿಲ್ಲಮ್. ಎಳೆಯದಿದ್ದಾಗ ಅಡಿಯ ಪದರಗಳು ಬೆಳ್ಳಗೇ ಇರುತ್ತವೆ, ಮೋಸ ಅಲ್ಲೇ. ಬಲಿತ ಕೊಡೆಯನ್ನು ಬಿಳಿ ಹಾಳೆ ಮೇಲೆ ಬೋರಲು ಹಾಕಿ, ಬಟ್ಟಲು ಮುಚ್ಚಿ ರಾತ್ರಿ ಬಿಟ್ಟರೆ ಹಸಿರು ಪುಡಿ ಉದುರಿರುತ್ತದೆ. ತಿಂದವರಿಗೆ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ. ಹಾಗಂತ ಪುಡಿ ಹಸಿರಲ್ಲದ್ದೆಲ್ಲ ತಿನ್ನಬಹುದು ಅಂತ ಅಲ್ಲ!

ಹುಲ್ಲಿನ ಅಣಬೆಯ ಬುಡದಲ್ಲಿ ಒಡೆದ ಮೊಟ್ಟೆಚಿಪ್ಪಿನಂಥ ಚೀಲ ಇರುತ್ತದೆ. ಕೊಲ್ಲುವ ಅಮಾನಿಟ ಅಣಬೆಗೂ ಅಂಥದ್ದೇ ಚೀಲ. ಬಲಿತಾಗ ಹುಲ್ಲಿನ ಅಣಬೆಯ ಪದರ ಗುಲಾಬಿಯಾಗುತ್ತದೆ, ಅಮಾನಿಟದ್ದು ಸಾಮಾನ್ಯವಾಗಿ ಬಿಳಿಯಾಗೇ ಉಳಿಯುತ್ತದೆ. ಮೊಗ್ಗಿನಲ್ಲಿ ಈ ಗುರುತು ಸಿಗಲ್ಲ. ಅದಕ್ಕೇ ತಾನಾಗಿ ಎದ್ದ ಮೊಗ್ಗನ್ನು ಮುಟ್ಟದಿರುವುದೇ ವಾಸಿ.

ಬೆಳ್ಳಿ ಚಮಚ ಕಪ್ಪಾಗುತ್ತೆ, ಬೆಳ್ಳುಳ್ಳಿ ಬಣ್ಣ ತಿರುಗುತ್ತೆ, ಹುಳ ತಿಂದಿದ್ದರೆ ವಿಷ ಇಲ್ಲ, ಹೀಗೆಲ್ಲ ಅಜ್ಜಿಯಂದಿರು ಹೇಳುತ್ತಾರೆ. ಒಂದೂ ನಿಜವಲ್ಲ. ಅಮಾನಿಟದ ವಿಷ ಬೆಳ್ಳಿಗೆ ಗೊತ್ತಾಗಲ್ಲ, ಕುದಿಸಿದರೂ ಒಣಗಿಸಿದರೂ ಹೋಗಲ್ಲ. ಕೆಲವು ಪುಟ್ಟ ಲೆಪಿಯೋಟ ಅಣಬೆಗಳಲ್ಲೂ ಅದೇ ವಿಷ ಇದೆ.

ಈ ವಿಷ ಸಾಮಾನ್ಯವಾಗಿ 6ರಿಂದ 24 ಗಂಟೆ ಸುಮ್ಮನಿರುತ್ತದೆ. ಆಮೇಲೆ ವಾಂತಿ, ಭೇದಿ, ಹೊಟ್ಟೆನೋವು. ನಂತರ ಒಂದು ದಿನ ಎಲ್ಲಾ ವಾಸಿಯಾದ ಹಾಗೆ ಕಾಣುತ್ತದೆ. ಮನೆಯವರು ನಿಟ್ಟುಸಿರು ಬಿಡುವ ಆ ಹೊತ್ತಿನಲ್ಲೇ ಪಿತ್ತಜನಕಾಂಗ ಹಾಳಾಗುತ್ತಿರುತ್ತದೆ. ಹಾಗಾಗಿ ವಾಂತಿ ನಿಂತರೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಆ ಸಾರು ಉಂಡವರೆಲ್ಲರೂ, ಮಕ್ಕಳೂ ಸೇರಿ, ಆಸ್ಪತ್ರೆಗೆ ಹೋಗಬೇಕು. ಉಳಿದ ಅಣಬೆಯನ್ನು ಬುಡ ಸಮೇತ ಕಾಗದದಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಬೇಗ ಕೊಳೆಯುತ್ತದೆ. ಎಷ್ಟು ಗಂಟೆಗೆ ಉಂಡಿರಿ, ಎಷ್ಟು ಗಂಟೆಗೆ ವಾಂತಿ ಶುರುವಾಯಿತು ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಿ.